ಅರವಟ್ಟಿಗೆಯ ನೀರು ಯಾರಿಗೆ?

"ಕಾಲ ಕೆಟ್ಟೋಯ್ತು. ಮುಂಚೆ ಹೀಗಿರಲಿಲ್ಲ." ಈ ಮಾತನ್ನ ನೀವೂ ಕೇಳಿರ್ತೀರ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯೋವಾಗ, ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡ ಕ್ಯಾಬ್ ಡ್ರೈವರ್ ಬಾಯಲ್ಲಿ. ಮುಂಚೆ ದಾರಿಯಲ್ಲಿ ಹೋಗೋರನ್ನೂ ಕರೆದು ಕೂರಿಸಿ ನೀರು-ಬೆಲ್ಲ ಕೊಡ್ತಿದ್ರು, ಈಗ ಪಕ್ಕದ ಫ್ಲಾಟಿನವರ ಹೆಸರೇ ಗೊತ್ತಿಲ್ಲ ಅನ್ನೋದು ಅದರ ಮುಂದಿನ ಸಾಲು. ನಾನು ಓದಿದ್ದು ಇತಿಹಾಸ, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್ ಕಂಪನಿಯ ಕೆಲಸ. ಹಾಗಾಗಿ ಯಾರಾದರೂ "ಮುಂಚೆ" ಅಂದ ತಕ್ಷಣ ಯಾವ ಇಸವಿ, ಯಾವ ಊರು, ಯಾರ ಮನೆ ಅಂತ ಕೇಳೋ ಚಟ ಇನ್ನೂ ಬಿಟ್ಟಿಲ್ಲ. ಇದರಿಂದ ಮದುವೆಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತೆ.

ಕರುಣೆಯನ್ನ ಅಳೆಯೋದು ಕಷ್ಟ, ಅದು ದಾಖಲೆಗಳಲ್ಲಿ ಸಿಗಲ್ಲ. ಆದರೆ ನೀರು ಸಿಗುತ್ತೆ. ಗುರುತಿಲ್ಲದ ಮನುಷ್ಯ ಬಾಯಾರಿ ಬಂದಾಗ ಏನಾಗ್ತಿತ್ತು ಅನ್ನೋದನ್ನ ಹಿಡಿದು ಹೊರಟರೆ ಸುಮಾರು ದೂರ ಹಿಂದಕ್ಕೆ ಹೋಗಬಹುದು.

ಅರವಟ್ಟಿಗೆಯಿಂದಲೇ ಶುರು ಮಾಡೋಣ. ದಾರಿಬದಿಯಲ್ಲಿ ಚಪ್ಪರ ಹಾಕಿ, ಮಣ್ಣಿನ ಗಡಿಗೆಗಳನ್ನ ಇಟ್ಟು, ಹೋಗೋ ಬರೋರಿಗೆ ಪುಕ್ಕಟೆ ನೀರು ಕೊಡೋ ಜಾಗ. ರಾಮನವಮಿಯ ಪಾನಕ-ಮಜ್ಜಿಗೆ ಚಪ್ಪರ ನೋಡಿದವರಿಗೆ ಇದು ಗೊತ್ತಿರುತ್ತೆ. ಆದರೆ ಹಳೇ ಅರವಟ್ಟಿಗೆ ಒಂದು ದಿನದ ಹಬ್ಬ ಆಗಿರಲಿಲ್ಲ, ಅದಕ್ಕೊಂದು ವ್ಯವಸ್ಥೆ ಇತ್ತು. ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದಂಥ ಶಾಸನ ಸಂಪುಟಗಳನ್ನ ತಿರುವಿ ಹಾಕಿದರೆ ಕೆರೆ ಕಟ್ಟಿಸಿದವರು, ಬಾವಿ ತೋಡಿಸಿದವರು, ಸತ್ರಕ್ಕೆ, ಅರವಟ್ಟಿಗೆಗೆ ಅಂತ ಭೂಮಿ ಬಿಟ್ಟವರು ಸಿಗ್ತಾರೆ. ಭೂಮಿ ಯಾಕೆ? ನೀರು ಸೇದಿ ತರೋಕೆ, ಹೊಯ್ಯೋಕೆ ಒಬ್ಬ ಮನುಷ್ಯ ಬೇಕು, ಅವನ ಹೊಟ್ಟೆಗೆ ಏನಾದರೂ ಬೇಕು. ಗದ್ದೆಯ ಹುಟ್ಟುವಳಿ ಅವನ ಸಂಬಳ. ದಾನ ಕೊಟ್ಟವನು ಸತ್ತ ಮೇಲೂ ಗಡಿಗೆ ತುಂಬಿರಲಿ ಅನ್ನೋ ಲೆಕ್ಕಾಚಾರ. ಇವತ್ತಿನ ಭಾಷೆಯಲ್ಲಿ ಇದೊಂದು ಎಂಡೋಮೆಂಟ್.

ಆದರೆ ಅದೇ ಕಲ್ಲಿನ ಕೊನೆಯ ಸಾಲುಗಳನ್ನೂ ಓದಬೇಕು. ಅಲ್ಲಿ ಶಾಪ ಇರುತ್ತೆ. ಈ ದಾನವನ್ನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸುವನ್ನ ಕೊಂದ ಪಾಪ ಬರಲಿ ಅಂತ. ಕೊಟ್ಟ ಭೂಮಿಯನ್ನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳವಾಗಿ ಹುಟ್ಟಲಿ ಅಂತ. ಇದು ಊರೂರಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರೋ ಮಾತು, ಒಂಥರಾ ಕಾಪಿ-ಪೇಸ್ಟ್. ಎಲ್ಲರೂ ಅಷ್ಟೊಂದು ಒಳ್ಳೆಯವರಾಗಿದ್ದಿದ್ದರೆ ಕಲ್ಲಿಗೆ ಈ ಕೆಲಸ ಇರ್ತಿರಲಿಲ್ಲ. ಕೆರೆ ಒತ್ತುವರಿ, ಧರ್ಮದ ಜಮೀನು ನುಂಗೋದು ಬಿಡಿಎ ಕಾಲದ ಆವಿಷ್ಕಾರ ಏನಲ್ಲ. ದಾನ ಕೊಟ್ಟವನಿಗೆ ತನ್ನ ಊರಿನವರ ಬಗ್ಗೆ ಚೆನ್ನಾಗೇ ಗೊತ್ತಿತ್ತು.

ಇನ್ನು ಆ ನೀರನ್ನ ಹೇಗೆ ಕೊಡ್ತಿದ್ರು ಅನ್ನೋದು. ನಮ್ಮಜ್ಜಿ ಮನೆ ಹಾಸನ ಜಿಲ್ಲೆಯಲ್ಲಿ, ರಸ್ತೆ ಪಕ್ಕದಲ್ಲೇ ಇತ್ತು. ಬಿಸಿಲಲ್ಲಿ ಬಂದವರಿಗೆ ನೀರಿಲ್ಲ ಅಂದವರಲ್ಲ ಅಜ್ಜಿ. ಅದನ್ನ ನಮ್ಮ ಮನೆಯಲ್ಲಿ ಈಗಲೂ ಹೆಮ್ಮೆಯಿಂದ ಹೇಳಿಕೊಳ್ತಾರೆ. ಕೆಲವರಿಗೆ ಜಗಲಿಯ ಮೇಲೆ ಹಿತ್ತಾಳೆ ಚೆಂಬು, ಅಂಗೈಯಗಲದ ಬೆಲ್ಲದಚ್ಚು. ಕೆಲವರಿಗೆ ಅಂಗಳದಲ್ಲಿ ನಿಂತಲ್ಲೇ, ಎತ್ತರದಿಂದ ಬೊಗಸೆಗೆ. ಇನ್ನು ಕೆಲವರಿಗೆ ಹಿತ್ತಲ ಬೇಲಿಗೆ ಸಿಕ್ಕಿಸಿಟ್ಟ ತೆಂಗಿನ ಕರಟ ಇತ್ತು. ಅವರೇ ತೆಗೆದುಕೊಂಡು, ಕುಡಿದು, ಅವರೇ ತೊಳೆದು, ಅಲ್ಲೇ ಸಿಕ್ಕಿಸಿ ಹೋಗಬೇಕು. ಅಮ್ಮ ಇದನ್ನ ನನಗೆ ಹೇಳಿದ್ದು ಅಜ್ಜಿಯ ಒಳ್ಳೆಯತನಕ್ಕೆ ಉದಾಹರಣೆಯಾಗಿ: "ನೋಡು, ಯಾರನ್ನೂ ಬರಿಗೈಲಿ ಕಳಿಸ್ತಿರಲಿಲ್ಲ." ಎರಡೂ ನಿಜ. ಯಾರನ್ನೂ ಕಳಿಸಲಿಲ್ಲ, ಮತ್ತೆ ಬೇಲಿಯಲ್ಲಿ ಕರಟ ಇತ್ತು. ಚೆಂಬೋ ಬೊಗಸೆಯೋ ಕರಟವೋ ಅಂತ ತೀರ್ಮಾನ ಆಗೋಕೆ ಮುಂಚೆ ಒಂದು ಪ್ರಶ್ನೆ ಬರ್ತಿತ್ತು: "ಯಾವೂರು? ಯಾರ ಪೈಕಿ?" ಉತ್ತರ ಬರೋವರೆಗೂ ಬಂದವನು ಬರೀ ಬಾಯಾರಿದ ಮನುಷ್ಯ ಆಗಿರ್ತಿರಲಿಲ್ಲ.

ಈ ಪ್ರಶ್ನೆ ಏನು ಮಾಡ್ತಿತ್ತು ಅನ್ನೋದಕ್ಕೆ ಅಂಬೇಡ್ಕರ್ ಬರೆದಿಟ್ಟ ಒಂದು ಪ್ರಯಾಣಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಸಿಕ್ಕಿಲ್ಲ. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಅವರ ಆತ್ಮಕಥನದ ತುಣುಕುಗಳಲ್ಲಿ ಇದೆ. ಸುಮಾರು 1901, ಹುಡುಗನಿಗೆ ಒಂಬತ್ತೋ ಹತ್ತೋ ವರ್ಷ. ಅಪ್ಪ ಸಾತಾರಾ ಜಿಲ್ಲೆಯ ಗೋರೆಗಾಂವ್‌ನಲ್ಲಿ ಕ್ಯಾಷಿಯರ್. ಬರಗಾಲಕ್ಕೆ ಸಿಕ್ಕ ಜನಕ್ಕೆ ಕೂಲಿ ಸಿಗಲಿ ಅಂತ ಸರ್ಕಾರ ಅಲ್ಲಿ ಕೆರೆ ತೋಡಿಸ್ತಿತ್ತು. ಬೇಸಿಗೆ ರಜೆಗೆ ಅಪ್ಪನ ಹತ್ತಿರ ಹೋಗೋಕೆ ಮಕ್ಕಳು ಹೊಸ ಬಟ್ಟೆ, ಹೊಸ ಟೋಪಿ ಹಾಕಿಕೊಂಡು ರೈಲು ಹತ್ತಿ ಮಸೂರ್ ಅನ್ನೋ ಸ್ಟೇಷನ್ನಿನಲ್ಲಿ ಇಳೀತಾರೆ. ಕಾಗದ ಕೈಸೇರದೆ ಅಪ್ಪ ಯಾರನ್ನೂ ಕಳಿಸಿಲ್ಲ. ಸ್ಟೇಷನ್ ಮಾಸ್ಟರ್ ಬಂದು ಕನಿಕರದಿಂದ ವಿಚಾರಿಸ್ತಾನೆ. ಒಳ್ಳೆ ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಅಂದುಕೊಂಡಿರ್ತಾನೆ. ಯಾರ ಪೈಕಿ ಅನ್ನೋ ಪ್ರಶ್ನೆ ಬರುತ್ತೆ, ಮಹಾರ್ ಅನ್ನೋ ಉತ್ತರ ಹೋಗುತ್ತೆ, ಅವನ ಮುಖ ಬದಲಾಗುತ್ತೆ, ಎದ್ದು ಹೋಗಿಬಿಡ್ತಾನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅವನೊಬ್ಬ ಖಳನಾಯಕ ಅಂತ ನಾವು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅವನು ವಾಪಸ್ ಬರ್ತಾನೆ. ಎರಡರಷ್ಟು ಬಾಡಿಗೆ ಕೊಡ್ತೀವಿ ಅಂದರೂ ಯಾವ ಗಾಡಿಯವನೂ ಒಪ್ಪದೇ ಇದ್ದಾಗ ಉಪಾಯ ಮಾಡೋನೂ ಅವನೇ: ಗಾಡಿ ಮಕ್ಕಳೇ ಹೊಡೀಲಿ, ಗಾಡಿಯವನು ಪಕ್ಕದಲ್ಲಿ ನಡೀಲಿ. ಅವನ ಮನಸ್ಸಲ್ಲಿ ಕರುಣೆ ಇತ್ತು, ಅದು ಸುಳ್ಳಲ್ಲ. ಗೆರೆಯ ಆ ಕಡೆ ಕೈ ಚಾಚೋಕೆ ಮಾತ್ರ ಆಗಲಿಲ್ಲ. ಮುಂದೆ ದಾರಿಯುದ್ದಕ್ಕೂ ಮಕ್ಕಳ ಹತ್ತಿರ ಬುತ್ತಿ ಇದೆ, ಕುಡಿಯೋಕೆ ನೀರಿಲ್ಲ. ರಾತ್ರಿ ಸುಂಕದ ಕಟ್ಟೆಯವನ ಹತ್ತಿರ ಮುಸಲ್ಮಾನರು ಅಂತ ಹೇಳಿಕೊಂಡು ನೀರು ಕೇಳ್ತಾರೆ. ಅವನೂ ಕೊಡಲ್ಲ. ತುಂಬಿದ ಬುತ್ತಿ ಪಕ್ಕದಲ್ಲೇ ಇಟ್ಟುಕೊಂಡು ಹಸಿದು ಮಲಗ್ತಾರೆ. ನಮ್ಮಜ್ಜಂದಿರು, ಮುತ್ತಜ್ಜಂದಿರು ಹೇಳೋ "ಆ ಕಾಲ"ದ ನಟ್ಟನಡುವಿನ ರಾತ್ರಿ ಅದು.

ಆ ಹುಡುಗ ದೊಡ್ಡವನಾದ ಮೇಲೆ 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಎಲ್ಲರಿಗೂ ಗೊತ್ತು. ಸಾರ್ವಜನಿಕ ಕೆರೆ-ಬಾವಿಗಳು ಎಲ್ಲರಿಗೂ ತೆರೆದಿರಬೇಕು ಅಂತ ಬಾಂಬೆ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು, ಮಹಾಡ್ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ. ಕುಡಿದು ಹೋದ ಮೇಲೆ ಊರಿನ ಸವರ್ಣೀಯರು ಕೆರೆಗೆ ಶುದ್ಧಿ ಮಾಡಿಸಿದರು. ಬಾಂಬೆ ಹೈಕೋರ್ಟು ಅಂತಿಮವಾಗಿ ದಲಿತರ ಪರ ತೀರ್ಪು ಕೊಟ್ಟಿದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕೇಸು.

ಇಷ್ಟು ಹೇಳಿದರೆ ಹಳೆಯದೆಲ್ಲ ಬೊಗಳೆ ಅಂತ ನಾನು ಹೇಳ್ತಿದ್ದೀನಿ ಅನ್ನಿಸಬಹುದು. ಹಾಗಲ್ಲ. ವಾರಾನ್ನದ ವಿಷಯ ನೋಡಿ. ಬೆಂಗಳೂರು, ಮೈಸೂರು, ಧಾರವಾಡಕ್ಕೆ ಓದೋಕೆ ಬಂದ ಬಡ ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ವರ್ಷಗಟ್ಟಲೆ. ಹೆಚ್ಚಿನ ಮನೆಗಳು ಶ್ರೀಮಂತರದ್ದೂ ಅಲ್ಲ. ಗುಮಾಸ್ತನ ಮನೆ, ಮೇಷ್ಟ್ರ ಮನೆ. ಐದು ಮಕ್ಕಳ ಜೊತೆ ಆರನೇ ಎಲೆ ಹಾಕ್ತಿದ್ರು. ಕೆಲವು ಮನೆಗಳಲ್ಲಿ ಅವಮಾನವೂ ಇತ್ತು, ತಂಗಳೂ ಇತ್ತು. ಆದರೂ ಇಡೀ ಒಂದು ತಲೆಮಾರಿನ ವಕೀಲರು, ಮೇಷ್ಟ್ರುಗಳು, ಎಂಜಿನಿಯರುಗಳು ಆ ಅನ್ನದಿಂದ ಎದ್ದು ಬಂದವರು. ನಾವು ಇವತ್ತು ಮಾಡೋ ಯಾವ ಒಳ್ಳೆ ಕೆಲಸ ವಾರಕ್ಕೊಂದು ಸಲದಂತೆ ನಾಲ್ಕು ವರ್ಷ ನಡೆಯುತ್ತೆ ಹೇಳಿ? ನಾನಂತೂ ಜಿಮ್ಮಿಗೂ ಅಷ್ಟು ದಿನ ಹೋಗಿಲ್ಲ.

ಆದರೆ ವಾರದ ಹುಡುಗನಿಗೂ ಆ ಪ್ರಶ್ನೆ ತಪ್ಪಿದ್ದಲ್ಲ. ಅವನು ತನ್ನ ಪೈಕಿಯವರ ಬೀದಿಯಲ್ಲೇ ಮನೆ ಹುಡುಕಬೇಕು. ಪೇಟೆಯಲ್ಲಿ ತನ್ನ ಪೈಕಿಯ ಏಳು ಮನೆ ಇಲ್ಲದವನು ಊರಿಗೆ ವಾಪಸ್. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಒಂದೊಂದು ಸಮುದಾಯವೂ ತನ್ನ ಹುಡುಗರಿಗೆ ಹಾಸ್ಟೆಲು ಕಟ್ಟಿದ್ದು ಇದೇ ಕಾರಣಕ್ಕೆ. ಅದು ದೊಡ್ಡ ಕೆಲಸ. ಆದರೆ ಅಲ್ಲೂ ಬಾಗಿಲಲ್ಲಿ ಅದೇ ಪ್ರಶ್ನೆ.

ಗೆರೆ ದಾಟಿ ಕೊಟ್ಟವರೂ ಇದ್ದರು, ಅದಕ್ಕೆ ಬೆಲೆ ತೆತ್ತರು. ಕುದ್ಮುಲ್ ರಂಗರಾವ್ 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿ ದಲಿತ ಮಕ್ಕಳಿಗೆ ಶಾಲೆ ನಡೆಸಿದರು. ಅವರ ಸ್ವಂತ ಸಾರಸ್ವತ ಸಮಾಜವೇ ಅವರಿಗೆ ಬಹಿಷ್ಕಾರ ಹಾಕಿತು. ಯಾವ ಕಾಲದಲ್ಲಿ ಅಪರಿಚಿತರು ಎಲ್ಲರಿಗೂ ಒಳ್ಳೆಯವರಾಗಿದ್ದರು ಅಂತ ಹೇಳ್ತೀವೋ, ಅದೇ ಕಾಲದಲ್ಲಿ ಎಲ್ಲರಿಗೂ ಒಳ್ಳೆಯವನಾಗಿರೋಕೆ ಹೋದವನ ಕಥೆ ಇದು.

ಸಂವಿಧಾನ ಬರೆಯೋವಾಗ ಈ ಹಿಂದಿನದೆಲ್ಲ ಅಲ್ಲಿದ್ದವರ ಕಣ್ಮುಂದೆ ಇತ್ತು. ಹದಿನೈದನೇ ವಿಧಿಯ ಎರಡನೇ ಖಂಡ ಒಮ್ಮೆ ಓದಿ ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದಿದ್ದಾರೆ. ಒಂದು ದೇಶದ ಮೂಲ ಕಾನೂನಿನಲ್ಲಿ ಬಾವಿ ಯಾಕೆ ಬರುತ್ತೆ? ಬರಬೇಕಾಗಿತ್ತು, ಅದಕ್ಕೆ.

ಈಗಿನ ಕಾಲಕ್ಕೆ ಬರೋಣ. 1901ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 1.6 ಲಕ್ಷ. 2011ರಲ್ಲಿ ಸುಮಾರು 84 ಲಕ್ಷ. ಇಷ್ಟು ಜನರಲ್ಲಿ ಎಲ್ಲರನ್ನೂ ನಿಲ್ಲಿಸಿ ಯಾರ ಪೈಕಿ ಅಂತ ಕೇಳೋಕೆ ಪುರುಸೊತ್ತಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ನಿಂತು ತಿನ್ನೋ ಎತ್ತರದ ಮೇಜು, ಕೂಪನ್ನು, ಸೆಲ್ಫ್ ಸರ್ವಿಸ್. ಬ್ರಾಹ್ಮಣರಿಗೆ ಪ್ರತ್ಯೇಕ ಜಾಗ ಇಟ್ಟ ಹೋಟೆಲುಗಳನ್ನ ಕಂಡಿದ್ದ ತಲೆಮಾರಿನವರು ಇನ್ನೂ ಬದುಕಿದ್ದಾಗಲೇ, ಯಾರ ಮೊಣಕೈ ಯಾರ ವಡೆಗೆ ತಾಗಿತು ಅಂತ ಕೇಳದ ಜಾಗ ಹುಟ್ಟಿಕೊಂಡಿತು. ಅಲ್ಲಿ ಯಾರೂ ಉಪಚಾರ ಮಾಡಲ್ಲ, ಮುಖ ನೋಡಲ್ಲ. "ಸ್ವಲ್ಪ ಜರುಗಿ" ಅನ್ನೋದೇ ದೊಡ್ಡ ಸಂಭಾಷಣೆ. ಇದು ತಣ್ಣಗಿನ ಜಗತ್ತು ಅಂತ ಅನ್ನಿಸೋದು ಚೆಂಬಿನಲ್ಲಿ ನೀರು ಸಿಕ್ಕವರ ಮನೆಯಿಂದ ಬಂದವರಿಗೆ. ಕರಟದಲ್ಲಿ ಸಿಕ್ಕವರ ಮನೆಯಿಂದ ಬಂದವರಿಗೆ ಯಾರೂ ಏನೂ ಕೇಳದೇ ಇರೋದೇ ದೊಡ್ಡ ಉಪಕಾರ. ಕಾಲ ಕೆಟ್ಟೋಯ್ತು ಅನ್ನೋರು ಯಾರು ಅಂತ ಗಮನಿಸಿ. ಆಫೀಸಿನಲ್ಲಿ ನನ್ನ ಪಕ್ಕ ಕೂರೋ ಗೆಳೆಯನೊಬ್ಬನ ಮನೆಯಲ್ಲಿ ಆ ಮಾತು ಆಡೋದೇ ಇಲ್ಲವಂತೆ.

ಜಗತ್ತಿನಾದ್ಯಂತ ಈ ಮಾತು ಹಳೆಯದೇ. ಆಡಂ ಮಾಸ್ಟ್ರೋಯಾನಿ, ಡೇನಿಯಲ್ ಗಿಲ್ಬರ್ಟ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು: ಕನಿಷ್ಠ 60 ದೇಶಗಳ ಜನ, ಕನಿಷ್ಠ 70 ವರ್ಷಗಳಿಂದ, ಮನುಷ್ಯರ ಒಳ್ಳೆತನ ಕಮ್ಮಿ ಆಗ್ತಿದೆ ಅಂತಲೇ ಹೇಳ್ತಾ ಬಂದಿದ್ದಾರೆ. ಆದರೆ ಈಗ ನಿಮ್ಮ ಸುತ್ತಲಿನವರು ಹೇಗೆ ನಡೆದುಕೊಳ್ತಾರೆ ಅಂತ ಕೇಳಿದರೆ, ಅಷ್ಟು ವರ್ಷವೂ ಉತ್ತರ ಹೆಚ್ಚುಕಮ್ಮಿ ಒಂದೇ. ನಮ್ಮಲ್ಲಿ ಆಗಿರೋದು ಇದಕ್ಕಿಂತ ಸ್ವಲ್ಪ ಬೇರೆ ಅಂತ ನನ್ನ ಅನಿಸಿಕೆ. ಅಳತೆ ಬದಲಾಗಿಲ್ಲದೇ ಇರಬಹುದು, ಆಕಾರ ಬದಲಾಗಿದೆ. ಮೊದಲು ಕೆಲವರಿಗೆ ಆಳವಾಗಿ ಸಿಗ್ತಿತ್ತು. ಈಗ ತುಂಬ ಜನಕ್ಕೆ ತೆಳ್ಳಗೆ ಸಿಗುತ್ತೆ. 2021ರ ಏಪ್ರಿಲ್-ಮೇನಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ರಾತ್ರಿಯಿಡೀ ಫೋನ್ ಮಾಡಿದ ಹುಡುಗ ಹುಡುಗಿಯರು ಪೇಷಂಟಿನ ಹೆಸರು, ಎಸ್‌ಪಿಓಟು ಬಿಟ್ಟು ಇನ್ನೇನೂ ಕೇಳಲಿಲ್ಲ. ಜೂನ್ ಬಂದಾಗ ಆ ಗುಂಪುಗಳೆಲ್ಲ ಮೌನ. ವಾರಾನ್ನದಂತೆ ನಾಲ್ಕು ವರ್ಷ ಅದು ಇರಲಿಲ್ಲ, ನಿಜ.

ಶಾಪದ ಕಲ್ಲುಗಳೂ ಹೊಸ ರೂಪದಲ್ಲಿವೆ. ರಸ್ತೆಯಲ್ಲಿ ಬಿದ್ದವರನ್ನ ಎತ್ತೋಕೆ ಜನ ಹೆದರ್ತಿದ್ದರು. ಪೊಲೀಸು, ಕೋರ್ಟು, ಸಾಕ್ಷಿ ಅಂತ ಅಲೆಯಬೇಕಲ್ಲ ಅಂತ. 2016ರಲ್ಲಿ ಸುಪ್ರೀಂ ಕೋರ್ಟು ಅಂಥವರ ರಕ್ಷಣೆಗೆ ಇದ್ದ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಹೇಲಿನ ಹುಳಕ್ಕಿಂತ ಇದು ಎಷ್ಟೋ ಮರ್ಯಾದಸ್ತ ಭಾಷೆ.

ಆದರೆ "ಯಾರ ಪೈಕಿ" ಪೂರ್ತಿ ಸತ್ತಿಲ್ಲ, ಗೇಟಿನ ಹತ್ತಿರ ನಿಂತಿದೆ. ಯಾವ ಫ್ಲಾಟು, ಯಾವ ಆ್ಯಪು, ಓಟಿಪಿ ಹೇಳಿ, ಸರ್ವಿಸ್ ಲಿಫ್ಟಲ್ಲಿ ಹೋಗಿ. ಹೋದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನಿವೃತ್ತ ಮೇಡಂ ಒಬ್ಬರು ಗೇಟಿನ ಪಕ್ಕ ಒಂದು ಮಣ್ಣಿನ ಗಡಿಗೆ, ಎರಡು ಸ್ಟೀಲ್ ಲೋಟ ಇಟ್ಟರು, ಡೆಲಿವರಿ ಹುಡುಗರಿಗೆ ಅಂತ. ತಿಂಗಳ ಮೀಟಿಂಗಿನಲ್ಲಿ ಅದರ ಮೇಲೆ ನಲವತ್ತು ನಿಮಿಷ ಚರ್ಚೆ ಆಯ್ತು. "ಒಳ್ಳೇದೇ, ಆದರೆ ಗುಂಪು ನಿಲ್ಲುತ್ತೆ" ಅಂದರು ಒಬ್ಬರು. ಸೆಕ್ಯುರಿಟಿ ಅಂದರು, ಹೈಜೀನ್ ಅಂದರು. ಇರಲಿ ಅನ್ನೋರ ಕಡೆ ಮೂರು ಕೈ ಜಾಸ್ತಿ ಎದ್ದವು, ನನ್ನದೂ ಸೇರಿ. ಗಡಿಗೆ ಅಲ್ಲೇ ಇದೆ, ವಾಚ್‌ಮನ್ ದಿನಾ ತುಂಬಿಸ್ತಾರೆ. ಒಂದು ವಾರದ ನಂತರ ನೋಡಿದರೆ ಸ್ಟೀಲ್ ಲೋಟ ಎರಡೂ ಇರಲಿಲ್ಲ, ಪಕ್ಕದಲ್ಲಿ ಪೇಪರ್ ಕಪ್ಪಿನ ಒಂದು ಕಟ್ಟು ಇತ್ತು. ಯಾರು ಬದಲಾಯಿಸಿದ್ದು ಅಂತ ಕೇಳಿದೆ. ವಾಚ್‌ಮನ್ ಗಡಿಗೆಯ ಮುಚ್ಚಳ ಸರಿ ಮಾಡ್ತಾ, "ಮೀಟಿಂಗಲ್ಲಿ ಹೇಳಿದ್ರಂತಲ್ಲ ಸಾರ್" ಅಂದರು.