ಒಂದು ಫೋನು, ಹತ್ತು ಮನಿ

ಹೋದ ದೀಪಾವಳಿಗೆ ನನ್ನ ತಂಗಿ ಮಗ ಅಮೆರಿಕಾದಿಂದ ಬಂದಿದ್ದ. ಚಾ ಕುಡಿಯುವಾಗ ಪಡಸಾಲಿ ಗೂಡಿನ್ಯಾಗ ಧೂಳು ಹಿಡಿದು ಕುಂತಿದ್ದ ಹಳೇ ಫೋನು ನೋಡಿದ. "ದೊಡ್ಡವ್ವ, ಅಲ್ಲಿ ನಾನೂ ಅಣ್ಣನೂ ಇಂಥಾ ಒಂದ ಫೋನನ್ನ ಎರಡು ಮನಿಯವರು ಹಂಚ್ಕೊಂಡೀವಿ" ಅಂದ.

ಅದ್ಹೆಂಗಪ್ಪ ಅಂದೆ. ಬಿಡಿಸಿ ಹೇಳಿದ. ಲ್ಯಾಂಡ್‌ಲೈನ್ ಇರೋದು ಅವರಣ್ಣನ ಮನ್ಯಾಗ. ಅದರ ತಂತಿನ ಅಂಗೈಯಷ್ಟಗಲದ ಒಂದು ಡಬ್ಬಿಗೆ ಹಚ್ಯಾರ. ಅದಕ್ಕ ಅಡಾಪ್ಟರ್ ಅಂತಾರ. ಅದು ನಮ್ಮ ಮಾತನ್ನ ಸಣ್ಣ ಸಣ್ಣ ತುಣುಕು ಮಾಡಿ ಇಂಟರ್ನೆಟ್ ಮ್ಯಾಲೆ ಕಳಸ್ತೈತಿ. ಇವನ ಮನ್ಯಾಗಿರೋ ಇನ್ನೊಂದು ಡಬ್ಬಿ ಆ ತುಣುಕು ಕೂಡಿಸಿ, ಮತ್ತ ಮಾತು ಮಾಡಿ ಸಾದಾ ಫೋನಿಗೆ ಕೊಡ್ತೈತಿ. ಅಲ್ಲಿ ರಿಂಗಾದ್ರ ಇಲ್ಲೂ ರಿಂಗು. ಎರಡು ಡಬ್ಬಿಗೂ ಒಂದರ ವಿಳಾಸ ಇನ್ನೊಂದಕ್ಕ ಗೊತ್ತು ಮಾಡಿಟ್ಟಿರಬೇಕು, ಅಷ್ಟ. ಡಬ್ಬಿ ಕೊಳ್ಳುವಾಗ ಮಾತ್ರ ನೋಡಿ ಕೊಳ್ಳಬೇಕಂತ. ಎಲ್ಲಾ ಡಬ್ಬಿಗೂ ಫೋನು ಚುಚ್ಚೋ ತೂತು ಇರತೈತಿ, ಅದು ಎಫ್‌ಎಕ್ಸ್‌ಎಸ್. ಎಕ್ಸ್‌ಚೇಂಜಿನಿಂದ ಬಂದ ತಂತಿ ಚುಚ್ಚೋ ತೂತು ಬ್ಯಾರೆ, ಅದು ಎಫ್‌ಎಕ್ಸ್‌ಒ. ಲೈನ್ ಇರೋ ಮನಿ ಡಬ್ಬಿಗೆ ಆ ತೂತು ಇಲ್ಲಂದ್ರ ಹಂಚ್ಕೊಳ್ಳಾಕ ಬರಂಗಿಲ್ಲ.

ನನಗ ನಗಿ ಬಂತು. "ಇದರಾಗ ಹೊಸದೇನೈತೋ? ಯಾವ ಡಬ್ಬಿನೂ ಇಲ್ಲದಾಗ ನಮ್ಮ ಓಣಿ ಹತ್ತು ಮನಿಯವರು ಒಂದ ಫೋನಿನ್ಯಾಗ ಬಾಳೇವು ಮಾಡೀವಿ" ಅಂದೆ. ಅವನು ನಂಬಲಿಲ್ಲ. ಅದಕ್ಕ ಇದನ್ನ ಬರೆಯಾಕ ಕುಂತೀನಿ. ನಿಮ್ಮ ಮಕ್ಕಳಿಗೂ ಓದಿ ಹೇಳ್ರಿ.

ನಮ್ಮ ದೇಶಕ್ಕ ಫೋನು ಬಂದಿದ್ದು 1882ರಾಗ, ಕಲ್ಕತ್ತಾ, ಬೊಂಬಾಯಿ, ಮದ್ರಾಸಿಗೆ. ನಮ್ಮಂಥ ಊರಿಗೆ ಬರಾಕ ಎಷ್ಟೋ ಕಾಲ ಹಿಡೀತು. ಬಂದ ಮ್ಯಾಲೂ ಬ್ಯಾರೆ ಊರಿಗೆ ಮಾತಾಡಬೇಕಂದ್ರ ಟ್ರಂಕ್ ಕಾಲ್. ಎಕ್ಸ್‌ಚೇಂಜಿಗೆ ನಂಬರ್ ಬರೆಸಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ ಬ್ಯಾರೆ ಬ್ಯಾರೆ. ಮೂರು ಮೂರು ನಿಮಿಷದ ಲೆಕ್ಕ. ನಡುವ ಆಪರೇಟರ್ ಕುಂತಿರ್ತಿದ್ರು, ಅವರಿಗೆ ಕೇಳಬ್ಯಾಡ ಅನ್ನಾಕ ಆಗ್ತಿರಲಿಲ್ಲ.

ಹಳ್ಳಿ ಕಡೆ ಇದು ಬದಲಾಗಿದ್ದು ನಮ್ಮ ಕರ್ನಾಟಕದಿಂದನ ಅಂತ ಹೇಳ್ಕೊಳ್ಳಾಕ ನನಗ ಹೆಮ್ಮೆ. 1984ರಾಗ ಸಿ-ಡಾಟ್ ಅಂತ ಸರ್ಕಾರಿ ಸಂಸ್ಥೆ ಶುರುವಾತು. ಸ್ಯಾಮ್ ಪಿತ್ರೋಡಾ ಅವರು ಅದರ ಮುಂದಾಳು. ನಮ್ಮ ದೇಶದ ಬಿಸಿಲು, ಧೂಳು ತಡಕೊಳ್ಳೋ, ಏಸಿ ಬೇಡದ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ತಯಾರು ಮಾಡಿದ್ರು. 1986ರ ಜುಲೈದಾಗ ಮೊಟ್ಟಮೊದಲು ಅದನ್ನ ಕೂಡಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನ್ಯಾಗ. ಆಮ್ಯಾಲೆ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದ್ವು. ಕೂಡ್ಲಿಗಿಗೂ ನಮ್ಮ ಕೊಟ್ಟೂರಿಗೂ 08391, ಹಗರಿಬೊಮ್ಮನಹಳ್ಳಿಗೆ 08397, ಹರಪನಹಳ್ಳಿಗೆ 08398, ಹಡಗಲಿಗೆ 08399. ಹರಪನಹಳ್ಳಿ 1997ರಾಗ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲಾಕ್ಕ ಹೋತು, ತಿರುಗಿ ಬಂತು, ಈಗ ನಾವೆಲ್ಲಾ ವಿಜಯನಗರ ಜಿಲ್ಲಾದಾಗ ಅದೀವಿ. ಜಿಲ್ಲಾ ಬದಲಾದ್ವು, ಫೋನಿನ ಕೋಡು ಹಂಗ ಉಳೀತು.

ನಮ್ಮ ಓಣ್ಯಾಗ ಫೋನು ಇದ್ದಿದ್ದು ಎದುರುಮನಿ ಅಕ್ಕಾರ ಮನ್ಯಾಗ ಒಂದ. ಆ ನಂಬರು ಹತ್ತು ಮನಿಯವರ ಲಗ್ನಪತ್ರದಾಗ ಅಚ್ಚಾಗ್ತಿತ್ತು, ಮುಂದ "ಪಿ.ಪಿ." ಅಂತ. ಅಂದ್ರ ಫೋನು ನಮ್ಮದಲ್ಲ, ಕರೆದು ಕೊಡ್ತಾರ ಅಂತ ಅರ್ಥ. ರಿಂಗಾದ್ರ ಅಕ್ಕಾರು ಬಾಗಿಲಿಗೆ ಬಂದು "ಏ ನಿಮಗ ಫೋನ್ ಬಂದೈತಿ, ಬರ್ರೇ" ಅಂತ ಕೂಗೋರು. ನಾವು ಹಿಟ್ಟಿನ ಕೈಯಾಗ ಓಡ್ತಿದ್ವಿ. ಮೈಲಾರದ ಕಾರಣಿಕ ಆದ ದಿನ ಹಡಗಲಿಯಿಂದ ಫೋನ್ ಬಂತಂದ್ರ, ಈ ವರ್ಷ ಏನು ನುಡಿ ಆತು ಅಂತ ಕೇಳಾಕ ಓಣಿಗೆ ಓಣಿನ ಅವರ ಪಡಸಾಲ್ಯಾಗ ಕೂಡ್ತಿತ್ತು.

ಆದ್ರ ಹಂಚ್ಕೊಂಡ ಫೋನಿಗೆ ಇನ್ನೊಂದು ಮುಖ ಐತಿ. ಅದು ನಮ್ಮ ಅಕ್ಕನ ಕಥಿ.

ಅಕ್ಕನ್ನ ಹರಪನಹಳ್ಳಿಗೆ ಕೊಟ್ಟಿದ್ವಿ. ಅವರ ಮನ್ಯಾಗ ಫೋನ್ ಇತ್ತು. ಪಡಸಾಲ್ಯಾಗ ಒಂದು, ಮುಂದಿನ ಅಂಗಡ್ಯಾಗ ಪ್ಯಾರಲಲ್ ಒಂದು. ಪ್ಯಾರಲಲ್ ಅಂದ್ರ ಎಕ್ಸ್‌ಚೇಂಜಿನಿಂದ ಬಂದ ಅದ ಎರಡು ಎಳಿ ತಂತಿಗೆ ಎರಡು ಫೋನು ಕಟ್ಟೋದು. ಒಬ್ಬರು ಮಾತಾಡೋದನ್ನ ಇನ್ನೊಬ್ಬರು ಎತ್ತಿದ್ರ ಪೂರಾ ಕೇಳತೈತಿ. ಅಂಗಡ್ಯಾಗ ಎತ್ತಿದ ಕೂಡಲೇ "ಟಕ್" ಅಂದು ಅಕ್ಕನ ದನಿ ಸಣ್ಣಗಾಗೋದು. ಇತ್ಲಾಗ ನಮ್ಮ ಬೆನ್ನ ಹಿಂದ ಓಣಿ ಮಂದಿ. ಹಿಂಗಾಗಿ ಅವಳು "ಅರಾಮದೀನಿ" ಅನ್ನೋದು, ನಾವು "ನಾವೂ ಅರಾಮ" ಅನ್ನೋದು, ಇಷ್ಟ.

ನಮ್ಮವ್ವ ಶಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಆದ್ರ ಅಕ್ಕ ಸೀಮಂತ ಮುಗಿಸಿಕೊಂಡು ಹೋಗುವಾಗ ಕಿವ್ಯಾಗ ಒಂದು ಮಾತು ಹೇಳಿ ಕಳಿಸಿದ್ಲು. "ತ್ರಾಸಾದ್ರ ಮೆಣಸಿನಕಾಯಿ ಒಣಗ್ಯಾವೇನು ಅಂತ ಕೇಳು." 1994ರ ಮಳಿಗಾಲ. ಫೋನ್ ಬಂತು. ಅಕ್ಕ ಎಲ್ಲಾರನ್ನೂ ಕೇಳಿ ಕಡೀಕ "ಅವ್ವಾ, ಮೆಣಸಿನಕಾಯಿ ಒಣಗ್ಯಾವೇನು?" ಅಂದ್ಲು. ಅವ್ವ ಫೋನ್ ಇಟ್ಟಾಕಿನ ಬಸ್‌ಸ್ಟ್ಯಾಂಡಿಗೆ ನಡೆದ್ಲು. ಹೋಗಿ ನೋಡಿದ್ರ ಅಕ್ಕನ ಕೈ ಕಾಲು ಮಾರಿ ಎಲ್ಲಾ ಬಾತಿದ್ವು, ಕಣ್ಣು ಮಂಜು. "ಬಸುರಿಗೆ ಇದೆಲ್ಲಾ ಇರೋದ" ಅಂತ ಮನಿಯವರು ಸುಮ್ಮನಿದ್ರು. ಅವ್ವ ದವಾಖಾನಿಗೆ ಕರಕೊಂಡು ಹೋದ್ಲು. ರಕ್ತದೊತ್ತಡ ವಿಪರೀತ ಏರಿತ್ತಂತ. ತಾಯಿ ಮಗು ಎರಡೂ ಉಳಿದ್ವು.

ಆ ಮೆಣಸಿನಕಾಯಿ ಮಾತು ಎದುರುಮನಿ ಅಕ್ಕಾರಿಗೂ ಕೇಳಿಸಿತ್ತು. ಮಳಿಗಾಲದಾಗ ಯಾವ ಮೆಣಸಿನಕಾಯಿ ಅಂತ ತಿಳಿಯದಷ್ಟು ದಡ್ಡರಲ್ಲ ಅವರು. ಅವ್ವನ ಕೈಯಾಗ ಐವತ್ತು ರೂಪಾಯಿ ಇಟ್ಟು ಕಳಿಸಿದ್ರು. ಆಮ್ಯಾಲೆ ಒಬ್ಬರ ಮುಂದ ಬಾಯಿ ಬಿಡಲಿಲ್ಲ.

ಅಮೆರಿಕಾದಾಗೂ ಹಿಂದ ಹಿಂಗ ಇತ್ತಂತ. ಹಳ್ಳಿ ಕಡೆ ಹಲವು ಮನಿಗೆ ಒಂದ ಲೈನ್ ಎಳೆದಿದ್ರು, ಪಾರ್ಟಿ ಲೈನ್ ಅಂತ ಅದರ ಹೆಸರು. ಒಂದು ಮನಿಗೆ ಉದ್ದ ರಿಂಗು, ಇನ್ನೊಂದು ಮನಿಗೆ ಎರಡು ಗಿಡ್ಡ ರಿಂಗು. ತಮ್ಮದಲ್ಲದ ರಿಂಗಿಗೂ ಫೋನ್ ಎತ್ತಿ ಕದ್ದು ಕೇಳೋರು ಅಲ್ಲೂ ಇದ್ರು. ಬೆಂಕಿ ಬಿದ್ದೈತಿ, ಹೆರಿಗಿ ಐತಿ ಅಂತ ಕೇಳಿ ಓಡಿ ಬರೋರೂ ಅವರ.

2003ರ ಮೇ ತಿಂಗಳಿಂದ ಮೊಬೈಲಿಗೆ ಬರೋ ಕರೆಗೆ ದುಡ್ಡು ತಪ್ಪಿತು. ಮನಿಗೊಂದು, ಆಮ್ಯಾಲೆ ಆಳಿಗೊಂದು ಫೋನಾತು. ಈಗ ನಮ್ಮ ಸೊಸ್ತೇರು ಮಾಳಿಗಿ ಮ್ಯಾಲೆ ಹೋಗಿ ತವರಿನ ಜೋಡಿ ಮನಸು ಬಿಚ್ಚಿ ಮಾತಾಡ್ತಾರ. ಆಡ್ಲಿ ಬಿಡ್ರಿ. ಏನಷ್ಟೊತ್ತು ಅಂತ ಕೇಳೋ ಅತ್ತೇರಿಗೆ ನಮ್ಮ ಅಕ್ಕನ ಮೆಣಸಿನಕಾಯಿ ನೆನಪು ಮಾಡ್ರಿ.

ತಂಗಿ ಮಗ "ನಿಮಗೂ ಬೆಂಗಳೂರಿಗೂ ಅಂಥಾ ಡಬ್ಬಿ ಹಚ್ಚಿ ಕೊಡ್ಲೇನು?" ಅಂದ. ಬ್ಯಾಡ ಅಂದೆ. ನಮ್ಮ ದೇಶದಾಗ ಅದಕ್ಕ ಕಟ್ಟಳೆ ಐತಿ. 2002ರ ಏಪ್ರಿಲ್ 1ರಿಂದ ಇಂಟರ್ನೆಟ್ ಮ್ಯಾಲೆ ಮಾತಾಡಾಕ ಸರ್ಕಾರ ಬಿಟ್ಟಿತು. ಆದ್ರ ಅಂಥಾ ಕರೆನ ದೇಶದೊಳಗಿನ ಲ್ಯಾಂಡ್‌ಲೈನಿಗೆ ಜೋಡಿಸಾಕ ಬಿಡಲಿಲ್ಲ. ಪರದೇಶದ ಕರೆ ಕದ್ದು ತಿರುಗಿಸಿದವರನ್ನ ಪೊಲೀಸರು ಹಿಡಿದ ಸುದ್ದಿ ಪೇಪರಿನ್ಯಾಗ ಬರ್ತಾವ. ಲೈಸೆನ್ಸಿನ ಗೊಡವಿ ನಮಗ್ಯಾಕ? ಮ್ಯಾಲೆ ಕರೆಂಟ್ ಹೋದ್ರ ಡಬ್ಬಿ ಸತ್ತಂಗ. ಹಳೇ ಫೋನಿಗೆ ಕರೆಂಟ್ ಎಕ್ಸ್‌ಚೇಂಜಿನ ಬ್ಯಾಟ್ರಿಯಿಂದ ಅದ ತಂತ್ಯಾಗ ಬರ್ತಿತ್ತು, ಕತ್ತಲಾಗೂ ರಿಂಗಾಗ್ತಿತ್ತು.

ಹೋಗುವಾಗ ಅವನಿಗೆ ಒಂದ ಮಾತು ಕೇಳಿದೆ. "ನಿಮ್ಮ ಎರಡು ಮನಿ ಫೋನಿನ್ಯಾಗ ನಿನ್ನ ಹೆಂಡತಿ ಮಾತಾಡುವಾಗ ಅಣ್ಣನ ಮನಿಯವರು ಎತ್ತಿದ್ರ ಕೇಳಸತೈತೇನು?" ಅವನು ತಲಿ ಕೆರಕೊಂಡ. "ಅದನ್ನ ನೋಡಿಲ್ಲ ದೊಡ್ಡವ್ವ" ಅಂದ.

"ಮೊದಲು ಅದನ್ನ ನೋಡು" ಅಂದೆ.