ಹದಿನೈದು ಪಯಣಗಳ ಲೆಕ್ಕ

2014ರ ಜೂನ್ 20ರಂದು ಪ್ರಯಾಣ ದರವನ್ನು ಶೇ. 14.2ರಷ್ಟು ಏರಿಸುವುದಾಗಿ ರೈಲ್ವೆ ಪ್ರಕಟಿಸಿತು. ಮುಂಬೈಯನ್ನು ಅದಕ್ಕಿಂತ ಹೆಚ್ಚು ಕೆರಳಿಸಿದ್ದು ಮಾಸಿಕ ಪಾಸಿನ ಹೊಸ ಲೆಕ್ಕ.

ಅಲ್ಲಿಯವರೆಗೆ ಸುಮಾರು 15 ಒಂಟಿ ಪಯಣಗಳ ದುಡ್ಡು ಕೊಟ್ಟರೆ ತಿಂಗಳಿಡೀ ಓಡಾಡಬಹುದಿತ್ತು. ಹೊಸ ಆದೇಶ ಅದನ್ನು 30ಕ್ಕೆ ಏರಿಸಿತು. 25 ದಿನ ಕೆಲಸಕ್ಕೆ ಹೋಗುವವರು 50 ಸಲ ರೈಲು ಹತ್ತುತ್ತಾರೆ. ಹಾಗೆ ನೋಡಿದರೆ 30ರ ಲೆಕ್ಕವೂ ರಿಯಾಯಿತಿಯೇ. ಆದರೆ ಸಂಬಳ ಅಷ್ಟೇ ಇರುವಾಗ ಪಾಸಿನ ಖರ್ಚು ಒಮ್ಮೆಗೇ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು. ವಿರಾರ್, ಕಲ್ಯಾಣದಷ್ಟು ದೂರ ಮನೆ ಮಾಡಿದವರು ಕಡಿಮೆ ಬಾಡಿಗೆಯನ್ನೂ ಅಗ್ಗದ ಪಾಸನ್ನೂ ಕೂಡಿಸಿಯೇ ಸಂಸಾರ ತೂಗಿಸುತ್ತಿದ್ದರು.

ಆಗ ರೈಲ್ವೆ ಸಚಿವರು ನಮ್ಮ ಡಿ.ವಿ. ಸದಾನಂದ ಗೌಡರು. ಮಹಾರಾಷ್ಟ್ರದ ವಿಧಾನಸಭಾ ಚುನಾವಣೆ ಹತ್ತಿರವಿತ್ತು. ಮುಂಬೈಯ ಆಡಳಿತ ಪಕ್ಷದ ಸಂಸದರೇ ಅವರ ಬಾಗಿಲಿಗೆ ಹೋದರು. ಹೊಸ ದರ ಜಾರಿಯಾಗುವ ಮುನ್ನಾದಿನ, ಜೂನ್ 24ರಂದು, 15ರ ಲೆಕ್ಕ ಮರಳಿತು. 80 ಕಿ.ಮೀ. ಒಳಗಿನ ಉಪನಗರ ಎರಡನೇ ದರ್ಜೆಗೆ ಏರಿಕೆಯೂ ತಪ್ಪಿತು.

ದೂರದ ರೈಲುಗಳಲ್ಲಿ ಏರಿಕೆ ಹಾಗೆಯೇ ಉಳಿಯಿತು. ದಿನವೂ ಒಂದೇ ಡಬ್ಬಿ ಹತ್ತುವವರು ಬೇಗ ಒಂದಾಗುತ್ತಾರೆ. ವರ್ಷಕ್ಕೆರಡು ಸಲ ಊರಿಗೆ ಹೊರಡುವ ನಾವು ಕೌಂಟರಿನಲ್ಲಿ ಒಬ್ಬೊಬ್ಬರೇ ಗೊಣಗಿ ದುಡ್ಡು ಕೊಡುತ್ತೇವೆ.