ಪಾಠಶಾಲೆಯಲ್ಲಿ ನಿಸ್ತಂತು ತರಂಗ: ಒಂದು ಶಂಕೆಯ ಇತಿಹಾಸ

ಹೊಸದೊಂದು ಸಾಧನವು ಜನಜೀವನವನ್ನು ಪ್ರವೇಶಿಸಿದಾಗ ಅದರ ವಿಷಯವಾಗಿ ಶಂಕೆಗಳು ಹುಟ್ಟುವುದು ಸ್ವಾಭಾವಿಕವು. ಆದರೆ ಶಂಕೆಗಳಲ್ಲಿಯೂ ತಾರತಮ್ಯವುಂಟು. ಪ್ರಾಪ್ತವಯಸ್ಕರು ಇಚ್ಛಾಪೂರ್ವಕವಾಗಿ ಕೈಗೆತ್ತಿಕೊಳ್ಳುವ ಸಾಧನದ ಮಾತು ಬೇರೆ. ಮಕ್ಕಳು ಪ್ರತಿದಿನವೂ ಹಲವು ಗಂಟೆಗಳ ಕಾಲ ಕುಳಿತಿರಲೇಬೇಕಾದ ಕೊಠಡಿಯಲ್ಲಿ, ಅವರ ತಂದೆತಾಯಿಗಳನ್ನು ಕೇಳದೆಯೇ ಸ್ಥಾಪಿಸುವ ಸಾಧನದ ಮಾತು ಬೇರೆ. ವೈ-ಫೈ ಎಂಬ ನಿಸ್ತಂತು ಜಾಲವು ಪಾಠಶಾಲೆಗಳನ್ನು ಹೊಕ್ಕಾಗ ಯೂರೋಪಿನಲ್ಲಿ ಎದ್ದ ವಿವಾದಕ್ಕೆ ಈ ಎರಡನೆಯ ಸಂಗತಿಯೇ ಮೂಲ. ಪೂರ್ಣಜ್ಞಾನವು ದೊರೆಯುವ ಮೊದಲೇ ಮಕ್ಕಳ ಪರವಾಗಿ ನಿರ್ಣಯಿಸಬೇಕಾಗಿ ಬಂದಾಗ ಸಮಾಜವು ಹೇಗೆ ನಡೆದುಕೊಂಡಿತೆಂಬುದನ್ನು ಆ ವಿವಾದದ ಇತಿಹಾಸವು ತೋರಿಸಿಕೊಡುವುದು.

ನಿಸ್ತಂತು ತರಂಗಗಳು ಹೊಸವಲ್ಲ. ೧೮೮೮ರ ಹೊತ್ತಿಗೆ ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿಯು ಅವುಗಳ ಇರವನ್ನು ಪ್ರಯೋಗದಿಂದ ಸ್ಥಾಪಿಸಿದನು. ಆ ಶತಮಾನದ ಕಡೆಯ ದಶಕದಲ್ಲಿಯೇ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ತರಂಗವನ್ನು ಗೋಡೆಯಾಚೆಗೆ ಕಳುಹಿಸಿ, ಗಂಟೆಯನ್ನು ಬಾರಿಸಿ ತೋರಿಸಿದರು. ತರುವಾಯ ಬಂದ ರೇಡಿಯೋ ಪ್ರಸಾರವನ್ನು ಜನರು ನಿಶ್ಚಿಂತೆಯಿಂದ ಬರಮಾಡಿಕೊಂಡರು; ಏಕೆಂದರೆ ಪ್ರಸಾರಕೇಂದ್ರವು ದೂರದಲ್ಲಿದ್ದು, ಮನೆಯಲ್ಲಿದ್ದುದು ಗ್ರಾಹಕಯಂತ್ರ ಮಾತ್ರ. ೧೯೯೭ರಲ್ಲಿ ನಿಸ್ತಂತು ಗಣಕಜಾಲದ ಮಾನಕವು ಪ್ರಕಟವಾದ ಮೇಲೆ ಈ ಸ್ಥಿತಿಯು ಬದಲಾಯಿತು. ತರಂಗವನ್ನು ಹೊರಡಿಸುವ ಯಂತ್ರವೇ ಕೊಠಡಿಯ ಗೋಡೆಗೂ ವಿದ್ಯಾರ್ಥಿಯ ಮಡಿಲಿಗೂ ಬಂದಿತು.

ಆ ತರಂಗವು ಸೆಕೆಂಡಿಗೆ ಸುಮಾರು ೨೪೦ ಕೋಟಿ ಸಲ ಕಂಪಿಸತಕ್ಕುದು. ಆಹಾರವನ್ನು ಬಿಸಿಮಾಡುವ ಮೈಕ್ರೋವೇವ್ ಒಲೆಯಲ್ಲಿರುವುದೂ ಬಹುಮಟ್ಟಿಗೆ ಅದೇ. ಈ ಸಾಮ್ಯವು ಭಯಕ್ಕೆ ಬೀಜವಾಯಿತು. ಒಲೆಯು ೮೦೦ ವಾಟಿನಷ್ಟು ಶಕ್ತಿಯನ್ನು ಲೋಹದ ಪೆಟ್ಟಿಗೆಯಲ್ಲಿ ಬಂಧಿಸಿಡುವುದೆಂಬುದೂ, ವೈ-ಫೈಗೆ ಆ ಕಂಪನಪಟ್ಟಿಯಲ್ಲಿ ಯೂರೋಪು ವಿಧಿಸಿದ ಮಿತಿಯು ವಾಟಿನ ಹತ್ತರಲ್ಲೊಂದು ಪಾಲು ಮಾತ್ರವೆಂಬುದೂ ಸಾಮಾನ್ಯರ ಗಮನಕ್ಕೆ ಬರಲಿಲ್ಲ. ಕ್ಷ-ಕಿರಣದಂತೆ ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತೆಸೆಯುವ ಸಾಮರ್ಥ್ಯವು ಈ ತರಂಗಕ್ಕಿಲ್ಲ. ಪ್ರಬಲವಾಗಿದ್ದಾಗ ದೇಹವನ್ನು ಕಾಯಿಸುವುದೇ ಇದರ ದೃಢಪಟ್ಟ ಪರಿಣಾಮ.

ಬ್ರಿಟನ್ನಿನಲ್ಲಿ ಶಂಕೆಗೆ ಅಧಿಕೃತವಾದ ಭಾಷೆ ದೊರೆತುದು ೨೦೦೦ದ ಮೇ ತಿಂಗಳಲ್ಲಿ. ಸರ್ ವಿಲಿಯಂ ಸ್ಟುವರ್ಟರ ಅಧ್ಯಕ್ಷತೆಯ ತಜ್ಞಸಮಿತಿಯು ಮೊಬೈಲ್ ದೂರವಾಣಿಗಳನ್ನು ಕುರಿತು ವರದಿಯನ್ನೊಪ್ಪಿಸಿತು. ವಿಧಿಸಿದ ಮಿತಿಯೊಳಗೆ ಹಾನಿಯುಂಟೆಂದು ಸಾಕ್ಷ್ಯವು ಹೇಳುವುದಿಲ್ಲ, ಆದರೆ ಹಾನಿಯೇ ಇಲ್ಲವೆಂದು ಪ್ರಮಾಣಮಾಡುವಷ್ಟು ಜ್ಞಾನವೂ ಇಲ್ಲ ಎಂಬುದು ಅದರ ತಾತ್ಪರ್ಯ. ಮಕ್ಕಳ ನರಮಂಡಲವು ಇನ್ನೂ ಬೆಳೆಯುತ್ತಿರುವುದರಿಂದಲೂ, ಅವರು ಜೀವಮಾನದಲ್ಲಿ ಹೆಚ್ಚು ಕಾಲ ಈ ತರಂಗಗಳಿಗೆ ಒಡ್ಡಿಕೊಳ್ಳುವುದರಿಂದಲೂ ಅನಾವಶ್ಯಕವಾದ ಬಳಕೆಯನ್ನು ತಡೆಯಬೇಕೆಂದೂ, ಗೋಪುರದ ಮುಖ್ಯಕಿರಣವು ಶಾಲೆಯ ಮತ್ತು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಶಾಲೆಯ ಆವರಣದ ಮೇಲೆ ಬೀಳಬಾರದೆಂದೂ ಸಮಿತಿಯು ಸೂಚಿಸಿತು.

ಏಳು ವರ್ಷಗಳ ತರುವಾಯ ಕಿಡಿಯು ಉರಿಯಾಯಿತು. ೨೦೦೭ರ ಮೇ ತಿಂಗಳಲ್ಲಿ ಬಿಬಿಸಿಯು ದೂರದರ್ಶನದಲ್ಲಿ ಶಾಲೆಗಳ ವೈ-ಫೈ ಕುರಿತು ಎಚ್ಚರಿಕೆಯ ಕಾರ್ಯಕ್ರಮವನ್ನು ಬಿತ್ತರಿಸಿತು. ನಾರಿಚ್ ನಗರದ ಶಾಲೆಯೊಂದರಲ್ಲಿ ಗಣಕದ ಬಳಿ ಅಳೆದ ತರಂಗವು ಮೊಬೈಲ್ ಗೋಪುರದ ಬಳಿಯದಕ್ಕಿಂತ ಮೂರು ಪಟ್ಟು ಪ್ರಬಲವೆಂದು ಅದು ಸಾರಿತು. ಎರಡೂ ಮಿತಿಗಿಂತ ಬಹಳ ಕೆಳಗಿದ್ದುವೆಂಬ ಸಂಗತಿಯು ಆ ಗದ್ದಲದಲ್ಲಿ ಮರೆಯಾಯಿತು. ಕಾರ್ಯಕ್ರಮವು ವೈಜ್ಞಾನಿಕ ಅಭಿಪ್ರಾಯದ ವಿಷಯದಲ್ಲಿ ತಪ್ಪು ಭಾವನೆಯನ್ನುಂಟುಮಾಡಿತೆಂದು ಅದೇ ವರ್ಷ ಬಿಬಿಸಿಯ ದೂರುವಿಭಾಗವೇ ತೀರ್ಮಾನಿಸಿತು. ಆದರೆ ತಂದೆತಾಯಿಗಳ ಪ್ರಶ್ನೆಯು ತೀರ್ಮಾನದಿಂದ ತೀರತಕ್ಕುದಾಗಿರಲಿಲ್ಲ, ಅಳತೆಯಿಂದ ತೀರಬೇಕಾಗಿತ್ತು.

ಆ ಕಾರ್ಯವನ್ನು ಅಲ್ಲಿನ ಆರೋಗ್ಯರಕ್ಷಣಾ ಸಂಸ್ಥೆಯು ೨೦೦೭ರ ಅಕ್ಟೋಬರಿನಲ್ಲಿ ಕೈಗೊಂಡಿತು. ಶಾಲೆಗಳಲ್ಲಿ ಬಳಕೆಯಲ್ಲಿದ್ದ ಯಂತ್ರಗಳನ್ನು ಪರೀಕ್ಷಿಸಿ, ಫಲವನ್ನು ೨೦೧೧ರಲ್ಲಿ ಪ್ರಕಟಿಸಿದರು. ಜಾಲಯಂತ್ರದಿಂದ ಅರ್ಧ ಮೀಟರ್ ದೂರದಲ್ಲಿ ಕಂಡ ಗರಿಷ್ಠ ಪ್ರಮಾಣವು ಚದರ ಮೀಟರಿಗೆ ೮೭ ಮಿಲಿವಾಟ್. ಅಂತರರಾಷ್ಟ್ರೀಯ ಮಿತಿಯು ೧೦,೦೦೦ ಮಿಲಿವಾಟ್. ಒಂದು ಮೀಟರ್ ದೂರಕ್ಕೆ ಸರಿದರೆ ೮೭ ಎಂಬುದು ೧೮ಕ್ಕಿಳಿಯುವುದು. ಅದರ ಮೇಲೆ, ಮಕ್ಕಳ ಗಣಕಗಳು ಪಾಠದ ಅವಧಿಯಲ್ಲಿ ನೂರರಲ್ಲಿ ಒಂದು ಪಾಲಿಗಿಂತ ಕಡಮೆ ಕಾಲ ಮಾತ್ರ ತರಂಗವನ್ನು ಹೊರಡಿಸುತ್ತಿದ್ದುವು.

ಅದೇ ೨೦೧೧ರ ಮೇ ತಿಂಗಳಲ್ಲಿ ಎರಡು ಘಟನೆಗಳು ನಡೆದುವು. ೨೭ರಂದು ಯೂರೋಪಿನ ಪರಿಷತ್ತಿನ ಸಂಸದೀಯ ಸಭೆಯು ಶಾಲೆಗಳಲ್ಲಿ ತಂತಿಯ ಜಾಲಕ್ಕೆ ಆದ್ಯತೆ ಕೊಡಬೇಕೆಂದು ನಿರ್ಣಯಿಸಿತು. ೩೧ರಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ರೇಡಿಯೋ ತರಂಗಗಳನ್ನು 'ಪ್ರಾಯಶಃ ಅರ್ಬುದಕಾರಕವಾಗಿರಬಹುದು' ಎಂಬ ವರ್ಗಕ್ಕೆ ಸೇರಿಸಿತು. ಸಾಕ್ಷ್ಯವು ಮಿತವಾಗಿದೆಯೆಂಬುದೇ ಆ ವರ್ಗದ ಅರ್ಥ. ಜನರು ಮಾತ್ರ ಅದನ್ನು ಅಪಾಯದ ತೀರ್ಪೆಂದು ಓದಿದರು.

ಫ್ರಾನ್ಸಿನವರು ಶಾಸನದ ಮಾರ್ಗವನ್ನು ಹಿಡಿದರು. ೨೦೧೫ರ ಜನವರಿ ೨೯ರ ಶಾಸನವು ಮೂರು ವರ್ಷದೊಳಗಿನ ಶಿಶುಗಳ ಪಾಲನಾಗೃಹಗಳಲ್ಲಿ ಅವರು ಮಲಗುವ, ಆಡುವ ಕೊಠಡಿಗಳಲ್ಲಿ ವೈ-ಫೈಯನ್ನು ನಿಷೇಧಿಸಿತು. ಪ್ರಾಥಮಿಕ ಶಾಲೆಗಳಲ್ಲಿ ಪಾಠಕ್ಕೆ ಬೇಕಾದಾಗಲಲ್ಲದೆ ಉಳಿದ ಕಾಲದಲ್ಲಿ ಅದನ್ನು ಆರಿಸಿಡಬೇಕೆಂದು ವಿಧಿಸಿತು. ಬ್ರಿಟನ್ನು ಅಳೆದು ಸಮಾಧಾನ ಹೇಳಿತು. ಫ್ರಾನ್ಸು ಅಳತೆಯನ್ನು ಅಲ್ಲಗಳೆಯದೆಯೇ ಬೇಡದುದನ್ನು ಆರಿಸಿತು. ಭಾರತದಲ್ಲಿ ವಾದವು ವೈ-ಫೈಗಿಂತ ಗೋಪುರಗಳ ಸುತ್ತಲೇ ನಡೆಯಿತು. ೨೦೧೨ರ ಸೆಪ್ಟೆಂಬರ್ ೧ರಿಂದ ಸರ್ಕಾರವು ಗೋಪುರಗಳ ತರಂಗದ ಮಿತಿಯನ್ನು ಅಂತರರಾಷ್ಟ್ರೀಯ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಳಿಸಿತು. ಆದರೆ ಗೋಪುರವು ದೂರವಾದಷ್ಟೂ ಕೈಯಲ್ಲಿರುವ ದೂರವಾಣಿಯು ಹೆಚ್ಚು ಶಕ್ತಿಯಿಂದ ತರಂಗವನ್ನು ಹೊರಡಿಸಬೇಕಾಗುವುದೆಂಬ ಸೂಕ್ಷ್ಮವನ್ನು ಗಮನಿಸಿದವರು ವಿರಳ.

ಭಯವೂ ತನ್ನದೇ ಆದ ಪರಿಣಾಮವನ್ನು ಬೀರಬಲ್ಲುದು. ೨೦೧೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವರಿಗೆ ವೈ-ಫೈ ಹಾನಿಕರವೆನ್ನುವ ಚಿತ್ರವನ್ನು ತೋರಿಸಿ, ಬಳಿಕ ಎಲ್ಲರನ್ನೂ ಸುಳ್ಳು ತರಂಗಕ್ಕೆ ಒಡ್ಡಿದರು. ತರಂಗವೇ ಇರಲಿಲ್ಲ, ಆದರೂ ಸುಮಾರು ಅರ್ಧದಷ್ಟು ಜನರು ತಮಗೆ ತೊಂದರೆಯಾಯಿತೆಂದರು. ಸ್ವಭಾವತಃ ಆತಂಕವುಳ್ಳವರಲ್ಲಿ ಆ ಚಿತ್ರವನ್ನು ನೋಡಿದವರಿಗೆ ಬಾಧೆಯು ಹೆಚ್ಚಾಗಿತ್ತು. ಅವರ ತಲೆನೋವು ಸುಳ್ಳಲ್ಲ. ಅದರ ಕಾರಣವು ಮಾತ್ರ ಅವರು ಎಣಿಸಿದುದಲ್ಲ.

ಭಾರತವೂ ಸೇರಿದಂತೆ ೧೪ ದೇಶಗಳ ಕಿರಿಯರನ್ನು ಕುರಿತು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೂರವಾಣಿಯ ಬಳಕೆಗೂ ಮಿದುಳಿನ ಗಡ್ಡೆಗೂ ಕಾರ್ಯಕಾರಣ ಸಂಬಂಧವು ಕಾಣಲಿಲ್ಲ. ಇತ್ತ ೨೦೧೮ರಲ್ಲಿ ಫ್ರಾನ್ಸು ಶಾಲೆಗಳಲ್ಲಿ ಮೊಬೈಲ್ ಬಳಕೆಯ ನಿಷೇಧವನ್ನು ಬಿಗಿಗೊಳಿಸಿದಾಗ ವಾದವು ತರಂಗವನ್ನು ಬಿಟ್ಟು ಮಕ್ಕಳ ಏಕಾಗ್ರತೆಯ ಕಡೆಗೆ ತಿರುಗಿತ್ತು. ಕಾಣದ ಕಿರಣಕ್ಕೆ ಹೆದರಿದ್ದ ಹಿರಿಯರು ಕಣ್ಣೆದುರಿನ ಪರದೆಯನ್ನು ತಡವಾಗಿ ನೋಡಿದರು. ಹಾಗೆಂದು ಮೊದಲಿನ ಪ್ರಶ್ನೆಯು ವ್ಯರ್ಥವಾಯಿತೆನ್ನಲಾಗದು. ಅದನ್ನು ಕೇಳಿದುದರಿಂದಲೇ ಅಳತೆಗಳು ನಡೆದುವು, ಮಿತಿಗಳು ಪರಿಶೋಧಿತವಾದುವು. ಶಾಲೆಯ ಗೋಡೆಯ ಮೇಲೆ ಏನನ್ನಿಡುತ್ತಾರೆಂದು ಕೇಳುವ ಅಧಿಕಾರವು ತಂದೆತಾಯಿಗಳಿಗೆ ಉಂಟು. ಕೇಳಿದವರಿಗೆ ಅಂಕಿಗಳೊಡನೆ ಉತ್ತರ ಕೊಡುವುದು ಅದನ್ನಿಡುವವರ ಕರ್ತವ್ಯ. ಆ ಉತ್ತರವನ್ನು ಓದಿ ತೂಗುವುದು ಕೇಳಿದವರ ಕರ್ತವ್ಯ.